ಅಗ್ಗದ ಎಲ್‌ಇಡಿ, ಪುಟ್ಟ ಹವಳದ ತೊಟ್ಟಿ: ತಪ್ಪು ಕಲ್ಪನೆ ಮತ್ತು ವಾಸ್ತವ

ವಿಶಾಖಪಟ್ಟಣ ಕಡಲ ದಂಡೆಯ ಊರು. ಅಲ್ಲಿನ ಆರ್.ಕೆ. ಬೀಚಿನ ಮತ್ಸ್ಯದರ್ಶಿನಿ ಎಂಬ ಮತ್ಸ್ಯಾಲಯಕ್ಕೆ ಮಕ್ಕಳನ್ನು ಕರೆದೊಯ್ದು ಬಂದವರಿಗೆ ಮನೆಯಲ್ಲೂ ಒಂದು ಉಪ್ಪುನೀರಿನ ತೊಟ್ಟಿ ಇದ್ದರೆ ಎಷ್ಟು ಚೆನ್ನ ಅನ್ನಿಸುವುದು ಸಹಜ. ನೌಕಾದಳ, ಉಕ್ಕಿನ ಕಾರ್ಖಾನೆ, ಬ್ಯಾಂಕು ಎಂದು ಅಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಈ ಆಸೆ ಇದೆ, ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಇರುವವರಿಗೂ ಇದೆ. ಮೀನು ಸಾಕುವುದಾದರೆ ಯಾವ ದೀಪವಾದರೂ ನಡೆಯುತ್ತದೆ. ಹವಳಕ್ಕೆ ಹಾಗಲ್ಲ, ಬೆಳಕೇ ಅದರ ಊಟ. ಹವಳಕ್ಕೆಂದೇ ಮಾರುವ ವಿದೇಶಿ ದೀಪಗಳ ಬೆಲೆ ಕೇಳಿದರೆ ತೊಟ್ಟಿ, ಕಲ್ಲು, ಪಂಪು ಎಲ್ಲಕ್ಕೂ ಸೇರಿ ಆಗುವ ಖರ್ಚನ್ನು ಅದೊಂದೇ ಮೀರಿಸುತ್ತದೆ. ಹಾಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಆನ್‌ಲೈನಿನಿಂದಲೋ ಎಲ್‌ಇಡಿ ಚಿಪ್ಪು, ಅದಕ್ಕೆ ಕರೆಂಟು ಕೊಡುವ ಡ್ರೈವರು, ಅಲ್ಯೂಮಿನಿಯಂ ಹೀಟ್‌ಸಿಂಕು ತರಿಸಿ ತಾವೇ ಬೆಸುಗೆ ಹಾಕಿ ಕಟ್ಟುವವರು ಹೆಚ್ಚು.

ಈ ದಾರಿ ಒಳ್ಳೆಯದೇ. ನನ್ನ ತಕರಾರು ಇರುವುದು ಖರ್ಚಿನ ಹಂಚಿಕೆಯ ಬಗ್ಗೆ. ಉಳಿಸಬೇಕಾದ ಕಡೆ ಸುರಿಯುತ್ತಾರೆ, ಸುರಿಯಬೇಕಾದ ಕಡೆ ಉಳಿಸುತ್ತಾರೆ. ಬಣ್ಣಬಣ್ಣದ ಚಿಪ್ಪುಗಳಿಗೆ ಹಣ ಹೋಗುತ್ತದೆ. ಡ್ರೈವರಿಗೂ ಅರ್ಥಿಂಗಿಗೂ ಉಳಿಯುವುದಿಲ್ಲ. ಇದರ ಹಿಂದಿರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಕಡಲ ದಂಡೆಯ ಊರು, ಬಾಲ್ಕನಿಯಲ್ಲಿ ತೊಟ್ಟಿ ಇಟ್ಟರೆ ಬಿಸಿಲೇ ಸಾಕು.

ವಾಸ್ತವ: ನಡುಹಗಲಿನ ನೇರ ಬಿಸಿಲಿನಲ್ಲಿ ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೊಮೋಲ್ ಬೆಳಕಿನ ಕಣಗಳು ಬೀಳುತ್ತವೆ. ಹವಳ ಸಾಕುವವರು 'ಪಾರ್' ಎನ್ನುವುದು ಈ ಅಳತೆಯನ್ನೇ. ಮನೆಯ ತೊಟ್ಟಿಯಲ್ಲಿ ಸಾಕುವ ಮೃದು ಹವಳಗಳಿಗೆ 50ರಿಂದ 150 ಸಾಕು. ಬಾಲ್ಕನಿಯ ಬಿಸಿಲು ಒಂದು ಗಂಟೆ ಮಿತಿಮೀರಿ ಸುರಿದು ಉಳಿದ ಹೊತ್ತು ಇಲ್ಲವಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಶಾಖದ್ದು. ತೊಟ್ಟಿಯ ನೀರು 25ರಿಂದ 27 ಡಿಗ್ರಿಯಲ್ಲಿ ಇರಬೇಕು. ಮೂವತ್ತರ ಹತ್ತಿರ ಹೋದರೆ ಹವಳಕ್ಕೆ ಸಂಕಟ. ಮೂವತ್ತು ನಲವತ್ತು ಲೀಟರಿನ ತೊಟ್ಟಿ ಬಿಸಿಲಲ್ಲಿ ಆ ಗಡಿ ದಾಟಲು ಹೆಚ್ಚು ಹೊತ್ತು ಬೇಕಿಲ್ಲ.

ಕಡಲು ಹತ್ತಿರವಿದೆ ಎಂದ ಮಾತ್ರಕ್ಕೆ ಹವಳದ ಕಡಲು ಹತ್ತಿರವಿದೆ ಎಂದೂ ಆಗುವುದಿಲ್ಲ. ಗೋದಾವರಿ, ಮಹಾನದಿಗಳು ತಂದು ಸುರಿಯುವ ಸಿಹಿನೀರು ಮತ್ತು ಮಣ್ಣಿನಿಂದಾಗಿ ಬಂಗಾಳ ಕೊಲ್ಲಿಯ ಈ ದಂಡೆಯಲ್ಲಿ ಲಕ್ಷದ್ವೀಪದಂಥ ದೊಡ್ಡ ಹವಳದ ದಿಬ್ಬಗಳು ಬೆಳೆದಿಲ್ಲ. ಕನ್ನಡಿಗರು ತಮ್ಮದೇ ಕಡಲಲ್ಲಿ ಹವಳ ನೋಡಬೇಕೆಂದರೆ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಬೇಕು.

ತಪ್ಪು ಕಲ್ಪನೆ: ಹವಳಕ್ಕೆ ನೀಲಿ ಬೆಳಕೇ ಬೇಕು, ಮನೆಯ ಬಿಳಿ ಎಲ್‌ಇಡಿ ಕೆಲಸಕ್ಕೆ ಬಾರದು.

ವಾಸ್ತವ: ಇದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಇದು ಇಷ್ಟು ಗಟ್ಟಿಯಾಗಿ ಬೇರೂರಿದೆ. ಹವಳದ ಅಂಗಾಂಶದೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಅದು ಬೆಳಕಿನಿಂದ ಸಕ್ಕರೆ ತಯಾರಿಸಿ ಹವಳಕ್ಕೆ ಉಣಿಸುತ್ತದೆ. ಆ ಪಾಚಿಯ ಕ್ಲೋರೊಫಿಲ್ಲುಗಳೂ ಪೆರಿಡಿನಿನ್ ಎಂಬ ವರ್ಣದ್ರವ್ಯವೂ ಸೇರಿ ನೇರಳೆ–ನೀಲಿಯಿಂದ ನೀಲಿ–ಹಸಿರಿನವರೆಗಿನ ಬೆಳಕನ್ನು ಚೆನ್ನಾಗಿ ಹೀರುತ್ತವೆ. 450 ನ್ಯಾನೊಮೀಟರಿನ 'ರಾಯಲ್ ಬ್ಲೂ' ಚಿಪ್ಪು ಅದರ ನಟ್ಟನಡುವಿನಲ್ಲೇ ಬರುತ್ತದೆ. ಇಷ್ಟು ನಿಜ.

ಆದರೆ ಬಿಳಿ ಎಲ್‌ಇಡಿ ಎಂಬುದು ಏನು? ಅದರೊಳಗಿರುವುದೂ ನೀಲಿ ಚಿಪ್ಪೇ. ಮೇಲೆ ಹಳದಿ ರಂಜಕದ ಲೇಪ ಹಚ್ಚಿರುತ್ತಾರೆ. ಒಂದಷ್ಟು ನೀಲಿ ಅದರಲ್ಲಿ ಹಳದಿಯಾಗಿ ಬದಲಾಗುತ್ತದೆ, ಉಳಿದ ನೀಲಿ ಹಾಗೇ ಹೊರಬರುತ್ತದೆ. ಎರಡೂ ಕೂಡಿ ನಮ್ಮ ಕಣ್ಣಿಗೆ ಬಿಳಿ. ಈ ನೀಲಿ ಚಿಪ್ಪನ್ನು ಸಾಧ್ಯವಾಗಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. 6500 ಕೆಲ್ವಿನ್ ಎಂದು ಬರೆದ ಸಾಮಾನ್ಯ ಬಿಳಿ ಎಲ್‌ಇಡಿಯಲ್ಲೂ 450ರ ಆಸುಪಾಸಿನಲ್ಲಿ ನೀಲಿಯ ಒಂದು ಶಿಖರ ಇದ್ದೇ ಇರುತ್ತದೆ. ಝೋಆಂತಿಡ್, ಮಶ್ರೂಮ್, ಲೆದರ್‌ನಂಥ ಮೃದು ಹವಳಗಳು ಅದರಡಿಯಲ್ಲೂ ಬದುಕಿ ಬೆಳೆಯುತ್ತವೆ.

ಹಾಗಾದರೆ ನೀಲಿ ಯಾಕೆ ಬೆರೆಸಬೇಕು? ಎರಡು ಕಾರಣ. ಅದೇ ಕರೆಂಟಿಗೆ ಹವಳಕ್ಕೆ ದಕ್ಕುವ ಪಾಲು ಹೆಚ್ಚು. ಜೊತೆಗೆ ಹವಳದೊಳಗಿನ ಪ್ರತಿದೀಪಕ ಪ್ರೋಟೀನುಗಳು ನೀಲಿ ಬೆಳಕು ಹೀರಿ ಹಸಿರು, ಕಿತ್ತಳೆ ಹೊಮ್ಮಿಸುತ್ತವೆ. ಚಿತ್ರಗಳಲ್ಲಿ ಕಾಣುವ ಆ ಹೊಳಪು ಅದೇ. ಎರಡನೆಯದು ನಮ್ಮ ಕಣ್ಣಿನ ಸುಖ, ಹವಳದ ಆರೋಗ್ಯದ ಲಕ್ಷಣವಲ್ಲ. ನೀಲಿ ಎರಡು ಪಾಲು, ತಣ್ಣನೆಯ ಬಿಳಿ ಒಂದು ಪಾಲು: ಮೃದು ಹವಳದ ತೊಟ್ಟಿಗೆ ಇದಕ್ಕಿಂತ ಹೆಚ್ಚಿನ ಲೆಕ್ಕಾಚಾರ ಬೇಡ.

'ನೀರು ಕೆಂಪನ್ನು ಹೀರಿಬಿಡುತ್ತದೆ, ಅದಕ್ಕೇ ನೀಲಿ' ಎಂಬ ವಿವರಣೆಯನ್ನೂ ಅಂಗಡಿಗಳಲ್ಲಿ ಕೇಳುತ್ತೇವೆ. ಕಡಲಲ್ಲಿ ಹತ್ತಾರು ಮೀಟರ್ ಆಳದ ಮಾತು ಅದು. ಒಂದಡಿ ನೀರಿನ ತೊಟ್ಟಿಯಲ್ಲಿ ಕೆಂಪು ಬೆಳಕೂ ಬಹುಪಾಲು ತಳ ಮುಟ್ಟುತ್ತದೆ. ಹಾಗೆಂದು ಗಿಡಗಳಿಗೆ ಮಾರುವ ಕೆಂಪು–ನೇರಳೆ 'ಗ್ರೋ ಲೈಟ್' ತಂದು ಹಾಕಬೇಡಿ. ಸ್ಟೈಲೋಫೋರಾ ಪಿಸ್ಟಿಲ್ಲೇಟಾ ಎಂಬ ಹವಳದ ಮೇಲೆ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೆಂಪು ಬೆಳಕು ಅದರ ಪಾಚಿಯ ಕೆಲಸವನ್ನೇ ಕುಗ್ಗಿಸುತ್ತದೆ ಎಂದು ತೋರಿಸಿತು.

ತಪ್ಪು ಕಲ್ಪನೆ: ಲೀಟರಿಗೆ ಇಷ್ಟು ವಾಟ್, ಇಷ್ಟು ಲುಮೆನ್ ಎಂದು ಲೆಕ್ಕ ಹಾಕಿದರೆ ಮುಗಿಯಿತು.

ವಾಸ್ತವ: ವಾಟ್ ಎಂದರೆ ದೀಪ ತಿನ್ನುವ ವಿದ್ಯುತ್ತು, ಕೊಡುವ ಬೆಳಕಲ್ಲ. ಲೀಟರಿಗೆ ವಾಟ್ ಎಂಬ ಸೂತ್ರ ಟ್ಯೂಬ್‌ಲೈಟಿನ ಕಾಲದ್ದು. ಎಲ್ಲ ಟ್ಯೂಬುಗಳೂ ಹೆಚ್ಚು ಕಡಿಮೆ ಒಂದೇ ದಕ್ಷತೆಯವಾಗಿದ್ದಾಗ ಅದು ನಡೆಯಿತು. ಇಂದು ಒಳ್ಳೆಯ ನೀಲಿ ಚಿಪ್ಪು ತಿಂದ ವಿದ್ಯುತ್ತಿನ ಅರ್ಧವನ್ನು ಬೆಳಕಾಗಿ ಕೊಟ್ಟರೆ, ಹೆಸರಿಲ್ಲದ ಅಗ್ಗದ ಚಿಪ್ಪು ಅದರ ಅರ್ಧವನ್ನೂ ಕೊಡದೆ ಇರಬಹುದು.

ಲುಮೆನ್ ಇನ್ನೂ ದಾರಿ ತಪ್ಪಿಸುತ್ತದೆ. ಅದು ಮನುಷ್ಯನ ಕಣ್ಣಿನ ಅಳತೆ. 555 ನ್ಯಾನೊಮೀಟರಿನ ಹಸಿರು ಬೆಳಕು ಒಂದು ವಾಟ್ ಇದ್ದರೆ 683 ಲುಮೆನ್. ಅದೇ ಒಂದು ವಾಟ್ 450ರ ನೀಲಿಯಾಗಿದ್ದರೆ ಸುಮಾರು 26 ಲುಮೆನ್ ಮಾತ್ರ. ಹವಳಕ್ಕೆ ಯಾವುದು ಹೆಚ್ಚು ಬೇಕೋ ಅದನ್ನೇ ಲುಮೆನ್ ಕಡೆಗಣಿಸುತ್ತದೆ. ಫೋನಿನ ಲಕ್ಸ್ ಆ್ಯಪ್ ನೀಲಿ ದೀಪದಡಿ ಕಡಿಮೆ ಅಂಕಿ ತೋರಿಸಿತೆಂದು ಇನ್ನಷ್ಟು ಚಿಪ್ಪು ಸೇರಿಸಿ ಹವಳವನ್ನು ಸುಡುವುದು ಹೀಗೆ. ಲಕ್ಸ್‌ನಿಂದ ಪಾರ್ ಅಂದಾಜು ಮಾಡಲೇಬೇಕೆಂದರೆ ಬಿಳಿಯನ್ನೂ ನೀಲಿಯನ್ನೂ ಬೇರೆ ಬೇರೆ ಹೊತ್ತಿಸಿ ಅಳೆಯಿರಿ: ತಣ್ಣನೆಯ ಬಿಳಿಗೆ ಲಕ್ಸನ್ನು ಸುಮಾರು 70ರಿಂದ ಭಾಗಿಸಿ, ರಾಯಲ್ ಬ್ಲೂಗೆ ಸುಮಾರು 7ರಿಂದ. ನೀರು ತುಂಬುವ ಮೊದಲೇ, ಖಾಲಿ ತೊಟ್ಟಿಯ ತಳದಲ್ಲಿ ಫೋನಿಟ್ಟು ಅಳೆಯಿರಿ. ಫೋನಿನಿಂದ ಫೋನಿಗೆ ವ್ಯತ್ಯಾಸ ಇರುತ್ತದೆ, ಆದರೂ ನೂರು ಬೀಳುತ್ತಿದೆಯೋ ಐನೂರೋ ಎಂಬುದಂತೂ ತಿಳಿಯುತ್ತದೆ.

ಒಂದು ನಿಜವಾದ ಲೆಕ್ಕ ಮಾಡೋಣ. 45 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ತೊಟ್ಟಿ. ಮರಳು, ಕಲ್ಲು ಹಾಕಿದ ಮೇಲೆ ಮೂವತ್ತೈದು ಲೀಟರ್ ಒಳಗಿನ ನೀರು. ಮೇಲ್ಮೈ 0.135 ಚದರ ಮೀಟರ್. ತಳದಲ್ಲಿ ಸರಾಸರಿ ನೂರು ಪಾರ್ ಬೇಕೆಂದರೆ ಸೆಕೆಂಡಿಗೆ 13.5 ಮೈಕ್ರೊಮೋಲ್ ಅಲ್ಲಿಗೆ ಮುಟ್ಟಬೇಕು. ಹೊರಗೆ ಚೆಲ್ಲುವುದು, ಗಾಜಿಗೆ ಅಂಟಿದ ಉಪ್ಪು, ನೀರಿನ ಮೇಲ್ಮೈಯ ಪ್ರತಿಫಲನ ಇವೆಲ್ಲದರಲ್ಲಿ ಅರ್ಧ ಹೋಯಿತೆಂದು ಇಟ್ಟುಕೊಂಡರೆ ದೀಪ ಕೊಡಬೇಕಾದದ್ದು 27. '3 ವಾಟ್' ಎಂದು ಮಾರುವ ಚಿಪ್ಪನ್ನು 600 ಮಿಲಿಆಂಪಿಯರಿನಲ್ಲಿ ಓಡಿಸಿದರೆ ಅದು ತಿನ್ನುವುದು ಸುಮಾರು 2 ವಾಟ್. ಅಗ್ಗದ ಚಿಪ್ಪು ಎಂದು ಶೇಕಡಾ 30 ದಕ್ಷತೆ ಹಿಡಿದರೂ 0.6 ವಾಟ್ ಬೆಳಕು. ನೀಲಿ ಬೆಳಕು ವಾಟಿಗೆ 3.76 ಮೈಕ್ರೊಮೋಲ್ ಕೊಡುತ್ತದೆ. ಅಂದರೆ ಚಿಪ್ಪಿಗೆ 2.2ಕ್ಕಿಂತ ಸ್ವಲ್ಪ ಹೆಚ್ಚು. ಬಿಳಿಯದೂ ಲೆಕ್ಕಕ್ಕೆ ಸಾಕಾಗುವಷ್ಟು ಹತ್ತಿರವೇ. ಹನ್ನೆರಡು ಚಿಪ್ಪು ಸಾಕು: ಎಂಟು ನೀಲಿ, ನಾಲ್ಕು ಬಿಳಿ. ಒಟ್ಟು 24 ವಾಟ್. ಡ್ರೈವರಿನ ನಷ್ಟ ಸೇರಿಸಿ ದಿನಕ್ಕೆ ಒಂಬತ್ತು ಗಂಟೆ ಹೊತ್ತಿಸಿದರೆ ತಿಂಗಳಿಗೆ ಏಳೆಂಟು ಯುನಿಟ್. ಈ ಗಾತ್ರದ ತೊಟ್ಟಿಗೆ 100 ವಾಟಿನ, 165 ವಾಟಿನ ಪೆಟ್ಟಿಗೆ ದೀಪ ಕೊಳ್ಳುವುದು ಹಣ ಸುಡುವ ಕೆಲಸ.

ತಪ್ಪು ಕಲ್ಪನೆ: ಬೆಳಕು ಹೆಚ್ಚಾದಷ್ಟೂ ಹವಳ ಬೇಗ ಬೆಳೆಯುತ್ತದೆ, ರಾತ್ರಿಯೂ ಬಿಟ್ಟರೆ ಇನ್ನೂ ಬೇಗ.

ವಾಸ್ತವ: ಒಂದು ಮಟ್ಟದ ಮೇಲೆ ಪಾಚಿಗೆ ಬೆಳಕನ್ನು ಬಳಸಿಕೊಳ್ಳಲು ಆಗುವುದಿಲ್ಲ. ಮಿಕ್ಕ ಶಕ್ತಿ ಜೀವಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ರೂಪಗಳನ್ನು ಹುಟ್ಟಿಸುತ್ತದೆ. ಹವಳ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ನೀರು ಬೆಚ್ಚಗಿದ್ದಾಗ ಇದು ಇನ್ನೂ ಬೇಗ. 1998, 2010, 2016ರಲ್ಲಿ ಲಕ್ಷದ್ವೀಪದ ಹವಳ ಬಿಳುಚಿಕೊಂಡದ್ದಕ್ಕೆ ಕಡಲ ಶಾಖ ಮುಖ್ಯ ಕಾರಣ. ಆ ಶಾಖದ ಜೊತೆ ಪ್ರಖರ ಬೆಳಕು ಸೇರಿದಾಗ ಹಾನಿ ಹೆಚ್ಚುತ್ತದೆ. ಅದೇ ಜೋಡಿ ಮೇ ತಿಂಗಳ ವಿಶಾಖಪಟ್ಟಣದ ಮನೆಯಲ್ಲೂ ಸೇರುತ್ತದೆ. ಹೊಸ ದೀಪವನ್ನು ಮೂರನೇ ಒಂದು ಭಾಗದ ತೀವ್ರತೆಯಿಂದ ಶುರುಮಾಡಿ, ಮೂರು ನಾಲ್ಕು ವಾರಗಳಲ್ಲಿ ನಿಧಾನಕ್ಕೆ ಏರಿಸಿ. ಡಿಮ್ಮರ್ ಇಲ್ಲದಿದ್ದರೆ ದೀಪವನ್ನು ಎತ್ತರಕ್ಕೆ ತೂಗುಹಾಕಿ ವಾರವಾರ ಇಳಿಸಿ. ಎಂಟರಿಂದ ಹತ್ತು ಗಂಟೆಯ ಹಗಲು, ನಂತರ ನಿಜವಾದ ಕತ್ತಲೆ. ಟೈಮರ್ ಸ್ವಿಚ್ಚಿಗೆ ಖರ್ಚು ಮಾಡಿ.

ತಪ್ಪು ಕಲ್ಪನೆ: ಮನೆಯಲ್ಲಿ ಬಿದ್ದಿರುವ 12 ವೋಲ್ಟ್ ಅಡಾಪ್ಟರಿಗೆ ಚಿಪ್ಪು ಜೋಡಿಸಿದರೆ ಡ್ರೈವರಿನ ಖರ್ಚು ಉಳಿಯುತ್ತದೆ.

ವಾಸ್ತವ: ಮನೆಯಲ್ಲಿ ಕಟ್ಟಿದ ದೀಪಗಳನ್ನು ಇಷ್ಟು ಹಾಳುಮಾಡಿದ ನಂಬಿಕೆ ಇನ್ನೊಂದಿಲ್ಲ. ಎಲ್‌ಇಡಿಗೆ ಬೇಕಾದದ್ದು ನಿಯಂತ್ರಿತ ಕರೆಂಟು. ಚಿಪ್ಪು ಬಿಸಿಯಾದಂತೆ ಅದರ ಫಾರ್ವರ್ಡ್ ವೋಲ್ಟೇಜು ಇಳಿಯುತ್ತದೆ. ಅಡಾಪ್ಟರು ಮಾತ್ರ ತನ್ನ 12 ವೋಲ್ಟನ್ನು ಬಿಡುವುದಿಲ್ಲ. ಆಗ ಹೆಚ್ಚು ಕರೆಂಟು ಹರಿಯುತ್ತದೆ, ಚಿಪ್ಪು ಇನ್ನಷ್ಟು ಬಿಸಿಯಾಗುತ್ತದೆ, ಮತ್ತೆ ಹೆಚ್ಚು ಕರೆಂಟು. ಕೊನೆಗೆ ಒಂದು ಸಂಜೆ ಸಾಲಿಗೆ ಸಾಲೇ ಸತ್ತಿರುತ್ತದೆ. ಅಂಟಿಸುವ 12 ವೋಲ್ಟಿನ ಪಟ್ಟಿ ದೀಪಗಳು ಬಾಳುವುದು ಅವುಗಳ ಮೇಲೆ ಪುಟ್ಟ ರೆಸಿಸ್ಟರುಗಳನ್ನು ಕೂರಿಸಿರುವುದರಿಂದ.

ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ ಕೇಳಿ ತನ್ನಿ. ನೀಲಿ ಚಿಪ್ಪು ಒಂದಕ್ಕೆ ಸುಮಾರು 3.3 ವೋಲ್ಟ್, ಎಂಟು ಸಾಲಾಗಿ ಜೋಡಿಸಿದರೆ 26 ವೋಲ್ಟಿನ ಹತ್ತಿರ, ನಾಲ್ಕು ಬಿಳಿಗೆ 13ರ ಹತ್ತಿರ. ಡ್ರೈವರಿನ ಮೇಲೆ ಬರೆದ ಔಟ್‌ಪುಟ್ ವ್ಯಾಪ್ತಿಯೊಳಗೆ ಈ ಅಂಕಿ ಬೀಳಬೇಕು. ನೀಲಿಗೊಂದು, ಬಿಳಿಗೊಂದು ಪ್ರತ್ಯೇಕ ಡ್ರೈವರ್ ಇದ್ದರೆ ಎರಡನ್ನೂ ಬೇರೆ ಬೇರೆ ಸಮಯಕ್ಕೆ ಹೊತ್ತಿಸಬಹುದು. ಒಂದೇ ಡ್ರೈವರಿಗೆ ಎರಡು ಸಾಲನ್ನು ಪ್ಯಾರಲಲ್ ಆಗಿ ಕೊಡಬೇಡಿ. ಕರೆಂಟು ಸಮನಾಗಿ ಹಂಚಿಕೆಯಾಗುವುದಿಲ್ಲ, ಒಂದು ಸಾಲು ಸತ್ತರೆ ಪೂರ್ತಿ ಕರೆಂಟು ಇನ್ನೊಂದರ ಮೇಲೆ ಬೀಳುತ್ತದೆ. ಡ್ರೈವರ್ ಆನ್ ಇರುವಾಗ ಚಿಪ್ಪಿನ ವೈರನ್ನು ತೆಗೆದು ಹಾಕುವುದೂ ಬೇಡ.

ತಪ್ಪು ಕಲ್ಪನೆ: ಎಲ್‌ಇಡಿ ತಣ್ಣಗಿರುತ್ತದೆ, 50,000 ಗಂಟೆ ಬಾಳುತ್ತದೆ.

ವಾಸ್ತವ: ಎಲ್‌ಇಡಿಯ ಬೆಳಕು ಹಳೆಯ ಬಲ್ಬಿನ ಹಾಗೆ ಸುಡುವುದಿಲ್ಲ. ಶಾಖವೆಲ್ಲ ಚಿಪ್ಪಿನ ಬೆನ್ನಿನಲ್ಲಿ ಕೂತಿರುತ್ತದೆ. ನಮ್ಮ 24 ವಾಟಿನಲ್ಲಿ ಹದಿನಾರು ಹದಿನೇಳು ವಾಟ್ ಶಾಖವಾಗಿಯೇ ಹೋಗುತ್ತದೆ. ಐವತ್ತು ಸಾವಿರ ಗಂಟೆಯ ಮಾತು ಚಿಪ್ಪು ನಿಗದಿತ ಶಾಖದೊಳಗೆ ಇದ್ದಾಗಿನದು, ಅದೂ ಬೆಳಕು ಶೇಕಡಾ 70ಕ್ಕೆ ಇಳಿಯುವ ತನಕದ ಲೆಕ್ಕ. ಚಪ್ಪಟೆ ತಗಡು ಸಾಲದು, ರೆಕ್ಕೆಗಳಿರುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಬೇಕು. ಬೆಂಗಳೂರಿನ ಕೋಣೆಗೆ ಸಾಕಾಗುವ ಗಾತ್ರ ವಿಶಾಖಪಟ್ಟಣದ ಬೇಸಿಗೆಗೆ ಸಾಲದು. ಒಂದು ಗಾತ್ರ ದೊಡ್ಡದನ್ನೇ ತನ್ನಿ. ಫ್ಯಾನ್ ಇಲ್ಲದೆ ನಡೆಯುವಂತಿದ್ದರೆ ಅದೇ ಮೇಲು, ಉಪ್ಪುಗಾಳಿಗೆ ಅಗ್ಗದ ಫ್ಯಾನಿನ ಬೇರಿಂಗು ತಡೆಯುವುದಿಲ್ಲ. ಚಿಪ್ಪಿನಡಿ ಥರ್ಮಲ್ ಪೇಸ್ಟ್ ತೆಳ್ಳಗಿರಲಿ. ಬೆಸುಗೆ ಮುಗಿದ ಮೇಲೆ ಮಲ್ಟಿಮೀಟರ್ ಹಿಡಿದು ಬೆಸುಗೆಯ ಬಿಂದುಗಳಿಗೂ ಹೀಟ್‌ಸಿಂಕಿಗೂ ಸಂಪರ್ಕ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಎರಡು ಗಂಟೆ ಉರಿದ ದೀಪವನ್ನು ಆರಿಸಿ, ಪ್ಲಗ್ ಕಿತ್ತು, ಹೀಟ್‌ಸಿಂಕ್ ಮುಟ್ಟಿನೋಡಿ. ಅಂಗೈ ಇಟ್ಟಿರಲು ಆಗದಷ್ಟು ಬಿಸಿಯಾಗಿದ್ದರೆ ಕರೆಂಟು ಇಳಿಸಬೇಕು ಅಥವಾ ಹೀಟ್‌ಸಿಂಕ್ ಬದಲಿಸಬೇಕು.

ತಪ್ಪು ಕಲ್ಪನೆ: ವಾಟರ್‌ಪ್ರೂಫ್ ಫ್ಲಡ್‌ಲೈಟ್ ತಂದು ತೂಗುಹಾಕಿದರೆ ಎಲ್ಲಕ್ಕಿಂತ ಅಗ್ಗ, ಸುರಕ್ಷಿತವೂ ಹೌದು.

ವಾಸ್ತವ: ಅಗ್ಗ ಹೌದು. ಬೆಳಕಿನ ದೃಷ್ಟಿಯಿಂದ ಮೃದು ಹವಳಕ್ಕೆ ಅದು ನಡೆಯುತ್ತದೆ ಎಂಬುದೂ ನಿಜ. ಸುರಕ್ಷಿತ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಅಗ್ಗದ ಬಲ್ಬು, ಫ್ಲಡ್‌ಲೈಟುಗಳಲ್ಲಿ ಎಷ್ಟೋ ಸಲ ಪ್ರತ್ಯೇಕ ಡ್ರೈವರ್ ಇರುವುದಿಲ್ಲ. 230 ವೋಲ್ಟ್ ನೇರ ಎಲ್‌ಇಡಿ ಹಲಗೆಗೇ ಬರುತ್ತದೆ. ಅದಕ್ಕೂ ಲೋಹದ ಕವಚಕ್ಕೂ ನಡುವೆ ಇರುವುದು ತೆಳುವಾದ ನಿರೋಧಕ ಪದರ. ರಸ್ತೆಬದಿಯ ಕಂಬದಲ್ಲಿ ಅದು ಸಾಕಾಗಬಹುದು. ದಿನವೂ ಕೈ ಅದ್ದುವ ಉಪ್ಪುನೀರಿನ ಮೇಲೆ ಅದು ಸಾಲದು. ತೊಟ್ಟಿಯಿಂದ ಸಿಡಿದ ಹನಿ ಒಣಗಿ ಉಪ್ಪಾಗುತ್ತದೆ, ಆ ಉಪ್ಪು ಕಡಲೂರಿನ ಗಾಳಿಯ ತೇವ ಹೀರುತ್ತದೆ, ತೇವಗೊಂಡ ಉಪ್ಪು ವಿದ್ಯುತ್ತನ್ನು ಹಾಯಿಸುತ್ತದೆ.

ಆದ್ದರಿಂದ ಬೇರೆ ಎಲ್ಲದರಲ್ಲಿ ಉಳಿಸಿದ ಹಣವನ್ನು ಇಲ್ಲಿ ಹಾಕಿ. 230 ವೋಲ್ಟನ್ನು ಚಿಪ್ಪಿನ ಕಡೆಯಿಂದ ಬೇರ್ಪಡಿಸುವ ಐಸೊಲೇಟೆಡ್ ಡ್ರೈವರ್ ಎಂದೇ ಕೇಳಿ, ಬಿಐಎಸ್ ಗುರುತು ನೋಡಿ. ಡ್ರೈವರನ್ನು ತೊಟ್ಟಿಯ ಮೇಲೆ ಇಡದೆ ಪಕ್ಕದ ಗೋಡೆಯಲ್ಲಿ, ಎತ್ತರದಲ್ಲಿ ಇಡಿ. ಹೀಟ್‌ಸಿಂಕಿಗೆ ಅರ್ಥ್ ವೈರ್ ಸ್ಕ್ರೂ ಹಾಕಿ ಬಿಗಿಯಿರಿ. ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿ. ವೈರು ಪ್ಲಗ್ಗಿಗೆ ಹೋಗುವ ಮುನ್ನ ಕೆಳಗೆ ಬಾಗಿ ಮೇಲೇರಲಿ, ಹನಿ ಬಾಗಿನಲ್ಲಿ ಉದುರಿಹೋಗುತ್ತದೆ. ತೊಟ್ಟಿಯ ಎಲ್ಲ ಉಪಕರಣಗಳೂ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮೂಲಕವೇ ಬರಲಿ. ದೀಪ ಜಾರಿ ನೀರಿಗೆ ಬೀಳದಂತೆ ಎರಡು ಕಡೆ ಕಟ್ಟಿ. ತೊಟ್ಟಿಯೊಳಗೆ ಕೈಹಾಕುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಅವರಿಗೂ ಕಲಿಸಿ.

ತಪ್ಪು ಕಲ್ಪನೆ: ಲೆನ್ಸ್, ನೇರಳಾತೀತಕ್ಕೆ ಹತ್ತಿರದ ಚಿಪ್ಪು, ಬೆಳದಿಂಗಳ ದೀಪ ಇಲ್ಲದಿದ್ದರೆ ಹವಳದ ದೀಪ ಪೂರ್ತಿಯಾಗದು.

ವಾಸ್ತವ: ಒಂದಡಿ ಆಳದ ತೊಟ್ಟಿಗೆ ಲೆನ್ಸ್ ಬೇಡ. ಚಿಪ್ಪಿನ ಸಹಜ 120 ಡಿಗ್ರಿ ಹರವೇ ಒಳ್ಳೆಯದು. ಲೆನ್ಸ್ ಹಾಕಿದರೆ ನಡುವೆ ಸುಡುವ ಮಚ್ಚೆ, ಮೂಲೆಯಲ್ಲಿ ಕತ್ತಲು. 400–420ರ ನೇರಳೆ ಚಿಪ್ಪು ದುಬಾರಿ, ಮೃದು ಹವಳಕ್ಕೆ ಅನಿವಾರ್ಯವಲ್ಲ. ಬೆಳದಿಂಗಳ ದೀಪ ನೋಡುವವರ ಖುಷಿಗೆ.

ತಪ್ಪು ಕಲ್ಪನೆ: ತೊಟ್ಟಿಯಲ್ಲಿ ಪಾಚಿ ಕಟ್ಟಿದರೆ ಅದು ಬಿಳಿ ಎಲ್‌ಇಡಿಯ ತಪ್ಪು.

ವಾಸ್ತವ: ನೈಟ್ರೇಟ್, ಫಾಸ್ಫೇಟ್ ಇಲ್ಲದೆ ಪಾಚಿ ಬೆಳೆಯದು. ಮೀನಿಗೆ ಹಾಕುವ ಆಹಾರ ಕಡಿಮೆ ಮಾಡಿ, ನಲ್ಲಿ ನೀರಿನ ಬದಲು ಆರ್‌ಒ ನೀರು ಬಳಸಿ, ವಾರಕ್ಕೊಮ್ಮೆ ಒಂದಷ್ಟು ನೀರು ಬದಲಿಸಿ.

ತಪ್ಪು ಕಲ್ಪನೆ: ಕರೆಂಟು ಹೋದರೆ ಬೆಳಕಿಲ್ಲದೆ ಹವಳ ಸಾಯುತ್ತದೆ, ದೀಪಕ್ಕೆ ಇನ್ವರ್ಟರ್ ಬೇಕೇ ಬೇಕು.

ವಾಸ್ತವ: 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣವನ್ನು ಹೊಡೆದು ಊರಿಗೆ ಊರೇ ದಿನಗಟ್ಟಲೆ ಕತ್ತಲಲ್ಲಿತ್ತು. ಅಂಥ ಹೊತ್ತಿನಲ್ಲಿ ತೊಟ್ಟಿಯನ್ನು ಮೊದಲು ಕೊಲ್ಲುವುದು ನಿಂತ ನೀರು. ಪಂಪು ನಿಂತರೆ ಆಮ್ಲಜನಕ ಕುಸಿಯುತ್ತದೆ, ಬೆಚ್ಚಗಿನ ನೀರಿನಲ್ಲಿ ಇನ್ನೂ ಬೇಗ. ಕೆಲವೇ ಗಂಟೆಗಳಲ್ಲಿ ಮೀನು ಸಾಯಬಹುದು. ಬೆಳಕಿಲ್ಲದೆ ಎರಡು ಮೂರು ದಿನ ಆರೋಗ್ಯವಂತ ಹವಳ ತಾಳಿಕೊಳ್ಳುತ್ತದೆ. ಕಡಲಲ್ಲಿ ಮೋಡ ಕವಿದ, ನೀರು ಕದಡಿದ ದಿನಗಳನ್ನು ಅದು ಕಂಡೇ ಇರುತ್ತದೆ. ಬ್ಯಾಟರಿಯ ಏರ್ ಪಂಪೊಂದನ್ನು ಕೈಗೆ ಸಿಗುವಂತೆ ಇಡಿ. ಇನ್ವರ್ಟರಿನಿಂದ ನೀರು ತಿರುಗಿಸುವ ಪಂಪನ್ನು ನಡೆಸಿ. ದೀಪ ಕಾಯಲಿ.

ತಪ್ಪು ಕಲ್ಪನೆ: ದೀಪ ಸರಿಯಿದ್ದರೆ ಯಾವ ಹವಳವನ್ನಾದರೂ ತಂದು ಸಾಕಬಹುದು; ಅಂಗಡಿಯಲ್ಲಿ ಸಿಕ್ಕಿದ ಮೇಲೆ ಕಾನೂನಿನ ಮಾತೇನು?

ವಾಸ್ತವ: 2001ರಲ್ಲಿ ಕೇಂದ್ರ ಸರ್ಕಾರ ದಿಬ್ಬ ಕಟ್ಟುವ ಎಲ್ಲ ಕಲ್ಲು ಹವಳಗಳನ್ನು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಕಡಲ ಬೀಸಣಿಗೆಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು. ಹುಲಿಗೆ ಇರುವ ರಕ್ಷಣೆಯ ಸಾಲಿನಲ್ಲೇ ಇವು ಬರುತ್ತವೆ. ಆ ಅನುಸೂಚಿಯ ಜೀವಿಗಳ ವಿಷಯದಲ್ಲಿ ತಪ್ಪೆಸಗಿದರೆ ಮೂರರಿಂದ ಏಳು ವರ್ಷ ಸೆರೆವಾಸ. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ. ಕಡಲಿನಿಂದ ಕಿತ್ತು ತಂದದ್ದಾಗಲಿ, ಸತ್ತ ಹವಳದ ಕಲ್ಲಾಗಲಿ ವಿನಾಯಿತಿ ಇಲ್ಲ. ಝೋಆಂತಿಡ್, ಮಶ್ರೂಮ್‌ಗಳು ಆ ಗುಂಪುಗಳಿಗೆ ಸೇರಿದವಲ್ಲ. ಆದರೂ ಅವು ಎಲ್ಲಿಂದ ಬಂದವು, ಆಮದಿನ ಕಾಗದ ಇದೆಯೇ ಎಂದು ಮಾರುವವರನ್ನು ಕೇಳುವುದು ಕೊಳ್ಳುವವರ ಹೊಣೆ. ಸುಣ್ಣದ ಗಟ್ಟಿ ಎಲುಬುಳ್ಳ ಹವಳವನ್ನು ಯಾರಾದರೂ ಕದ್ದುಮುಚ್ಚಿ ಕೊಡಲು ಬಂದರೆ ಬೇಡವೆನ್ನಿ. ಬಿಲ್ಲು, ದಾಖಲೆ ಇಲ್ಲದ ಮೃದು ಹವಳವನ್ನೂ ಕೊಳ್ಳಬೇಡಿ. ಮಾರುವವರಿಗೆ ಗಿರಾಕಿ ಸಿಗದಿದ್ದರೆ ಮನ್ನಾರ್ ಕೊಲ್ಲಿಯಲ್ಲೂ ನೇತ್ರಾಣಿಯಲ್ಲೂ ಅಷ್ಟು ಹವಳ ಅದರ ಜಾಗದಲ್ಲೇ ಉಳಿಯುತ್ತದೆ.